ಮೂರು ಬೆರಳಿನ ಬಲೆ

ಮತ್ತೆ ಬಾಯಿ ಹಾಕಿದಿರಾ, ಮಕ್ಕಳೇ? ಒಬ್ಬನಿಗೆ ನೀರು, ಒಬ್ಬಳಿಗೆ ತುರಿಕೆ, ಕಥೆಗೆ ಮಾತ್ರ ಮುಂದೆ ಹೋಗಲು ದಾರಿಯಿಲ್ಲ. ಇನ್ನು ಹೂಂಗುಟ್ಟುವುದು ಬಿಟ್ಟು ಬೇರೆ ಸದ್ದು ಬಂದರೆ ಕಥೆಯನ್ನು ಮಡಚಿ ಅಟ್ಟಕ್ಕೆ ಎಸೆಯುತ್ತೇನೆ. ಕೇಳಿ.

ಹೊಳೆ ಹೋಗಿ ಕಡಲಿಗೆ ಸೇರುವ ಅಳಿವೆಯ ಬಾಯಲ್ಲಿ ಒಂದು ಊರಿತ್ತಂತೆ. ಮಳೆಗಾಲ ಬಂತೆಂದರೆ ಕಡಲ ಮೀನು ಬಸುರಿ ಹೆಣ್ಣು ತವರಿಗೆ ಬಂದ ಹಾಗೆ ಅಳಿವೆಗೆ ಬರುತ್ತಿತ್ತಂತೆ. ನೀರಲ್ಲಿ ನಿಂತ ಕಾಂಡ್ಲಾ ಗಿಡಗಳ ಬೇರಿನ ಸಂದಿಯಲ್ಲಿ ಮರಿ ಮಾಡಿ, ಬಲಿತ ಮೇಲೆ ಅವನ್ನು ಕಡಲಿಗೆ ಕರೆದುಕೊಂಡು ಹೋಗುತ್ತಿತ್ತಂತೆ. ಅದಕ್ಕೇ ಊರಿಗೊಂದು ಕಟ್ಟಳೆ: ಬಲೆಯ ಕಣ್ಣಲ್ಲಿ ಮೂರು ಬೆರಳು ಸಲೀಸಾಗಿ ತೂರಬೇಕು. ದೊಡ್ಡದು ಸಿಗಲಿ, ಮರಿ ನುಸುಳಿ ಹೋಗಲಿ ಅಂತ.

ಆ ಊರಲ್ಲಿ ದುಗ್ಗಿ ಅಂತ ಒಬ್ಬಳು ಬಲೆ ಹೆಣೆಯುತ್ತಿದ್ದಳಂತೆ. ಒಂದು ಮಳೆಗಾಲ ಅವಳಿಗೆ ಹೆಣ್ಣು ಮಗು ಹುಟ್ಟಿತು. ಕಡಲು ಕೆರಳಿ ದೋಣಿ ಇಳಿಯಲಿಲ್ಲ. ಅಳಿವೆಯಲ್ಲೂ ದೊಡ್ಡ ಮೀನು ಸಿಗಲಿಲ್ಲ. ಮಡಕೆಯಲ್ಲಿ ಗಂಜಿ ತಿಳಿ, ಎದೆಯಲ್ಲಿ ಹಾಲಿಲ್ಲ. ಮಗು ಅತ್ತು ಅತ್ತು ದನಿಯೇ ಬತ್ತಿತಂತೆ.

ಗಂಡ ಕುಪ್ಪ ಹೇಳಿದ, "ಸಣ್ಣ ಕಣ್ಣಿನ ಬಲೆ ಹೆಣಿಯೇ."

"ಊರ ಗುರಿಕಾರರು ಬೆರಳು ಹಾಕಿ ನೋಡ್ತಾರೆ. ಆಗ ನಿನ್ನ ಮೀಸೆ ತೋರಿಸ್ತೀಯಾ?"

"ಮೂರು ಬೆರಳು ಅಂದಿದ್ದಾರೆ. ಯಾರ ಬೆರಳು ಅಂತ ಹೇಳಿಲ್ಲವಲ್ಲ!"

ದುಗ್ಗಿ ತೊಟ್ಟಿಲ ಕಡೆ ನೋಡಿದಳು. ಮಗುವಿನ ಮೂರು ಬೆರಳು ಜೋಡಿಸಿ ಹಿಡಿದು, ಆ ಅಳತೆಗೇ ಗಂಟು ಹಾಕುತ್ತಾ ಹೋದಳಂತೆ.

ಬಲೆ ಎಳೆದರೆ ಬೇವಿನೆಲೆಯಷ್ಟು ಮರಿಗಳು, ರಾಶಿ ರಾಶಿ. ಬಲೆಯ ಹೊರಗೆ ತಾಯಿ ಮೀನು ತಲೆಯೆತ್ತಿತು.

"ಬಿಟ್ಟುಬಿಡು ದುಗ್ಗೀ. ಅವು ಇನ್ನೂ ಕಡಲನ್ನೇ ಕಂಡಿಲ್ಲ."

"ನನ್ನದು ಇನ್ನೂ ಹೊಟ್ಟೆ ತುಂಬ ಹಾಲನ್ನೇ ಕಂಡಿಲ್ಲ."

ಮೀನು ಮುಳುಗಿತಂತೆ. ದುಗ್ಗಿ ಮರಿಗಳನ್ನು ಬೇಯಿಸಿ ಉಂಡಳು. ಹಾಲು ಇಳಿಯಿತು. ಮಗು ಉಳಿಯಿತು.

ಊರಿನ ಯಜಮಾನರಾದ ಗುರಿಕಾರರು ಬಂದರು. ಅವರ ಬೆರಳು ಕಣ್ಣಲ್ಲಿ ಹೋಗಲಿಲ್ಲ. ಕುಪ್ಪ ಮಗುವನ್ನೆತ್ತಿ ಅದರ ಬೆರಳು ತೂರಿಸಿದ. "ನೋಡಿ ಗುರಿಕಾರ್ರೇ, ಕಟ್ಟಳೆ ಎಲ್ಲಿ ತಪ್ಪಿದೆ?" ನೆರೆದವರು ಬಿದ್ದು ಬಿದ್ದು ನಕ್ಕರು. ಗುರಿಕಾರರು ಬಂದ ದಾರಿಯಲ್ಲೇ ತಿರುಗಿ ಹೋದರು.

ನಗು ಮುಗಿಸಿ ಮನೆಗೆ ಹೋದವರು ಸುಮ್ಮನಿದ್ದಾರೆಯೇ? ಅವರೂ ತಮ್ಮ ತಮ್ಮ ಕೂಸುಗಳ ಬೆರಳು ಹಿಡಿದರು. ಮಕ್ಕಳಿಲ್ಲದವರು ನೆರೆಮನೆ ತೊಟ್ಟಿಲಿಗೆ ಬಂದು ಬೆರಳು ಕಡ ಕೇಳಿದರಂತೆ. ಒಂದು ಮಳೆ ಹೋಯಿತು, ಎರಡು ಮಳೆ ಹೋಯಿತು. ಮೂರನೇ ಮಳೆಗೆ ಬಲೆ ಎಳೆದರೆ ಕೆಸರು, ಮತ್ತೆ ಎಳೆದರೆ ಕೊಳೆತ ಎಲೆ. ಬೆಳೆದು ಕಡಲಿಗೆ ಹೋದ ಮರಿಯೇ ಇಲ್ಲ, ತಿರುಗಿ ಬರುವ ಬಸುರಿ ಎಲ್ಲಿಂದ? ಆ ವರ್ಷ ಊರಲ್ಲಿ ಎಷ್ಟೋ ತೊಟ್ಟಿಲು ಬರಿದಾದವಂತೆ.

ದುಗ್ಗಿ ತನ್ನ ಬಲೆಯನ್ನು ಅಂಗಳದಲ್ಲಿಟ್ಟು ಸುಟ್ಟಳು. ಅದನ್ನು ನೋಡಿ ಊರವರೂ ಸುಟ್ಟರು. ಇನ್ನು ಊರಿಗೆಲ್ಲ ಗುರಿಕಾರರ ಬೆರಳೇ ಅಳತೆ ಅಂತಾಯಿತು. ಮಳೆಗಾಲದಲ್ಲಿ ಅಳಿವೆಗೆ ಯಾರೂ ಇಳಿಯಕೂಡದು ಅಂತಲೂ ಆಯಿತು. ವರ್ಷಗಳು ಕಳೆದ ಮೇಲೆ ಅಲ್ಲೊಂದು ಇಲ್ಲೊಂದು ಮೀನು ಬಂತಂತೆ. ಮಾತಾಡುವ ಮೀನು ಮಾತ್ರ ಬರಲೇ ಇಲ್ಲ.

ಅವರ ಹೊಳೆ ಅವರಿಗೆ, ನಮ್ಮ ಒಲೆ ನಮಗೆ ಅಂತ ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಮದುವೆಯಾಗಿ ಹೊರಟ ಮಗಳಿಗೆ ದುಗ್ಗಿ ಇದನ್ನೆಲ್ಲ ಹೇಳಿ, "ಯಾವತ್ತೂ ಕೂಸಿನ ಬೆರಳಲ್ಲಿ ಅಳೀಬೇಡ" ಅಂದಳಂತೆ. ಮಗಳು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಾ ಕೇಳಿದಳಂತೆ:

"ಅಮ್ಮಾ, ನಾಳೆ ನನ್ನ ಮಗು ಹಾಲಿಲ್ಲದೆ ಅತ್ತರೆ, ನಾನು ಯಾರ ಬೆರಳಲ್ಲಿ ಅಳೀಲಿ?"