ಇರುವೆ ಸಾಲಿನಲ್ಲಿ ತಗಡಣ್ಣ

ಮಕ್ಕಳೇ, ಒಂದು ಕಾಡಿನ ಕೆರೆಯ ದಂಡೆಯಲ್ಲಿ ಕೆಂಪಿರುವೆಗಳ ಗೂಡಿತ್ತು. ಗೂಡಿಗೆ ಹಿರಿಯಳು ಕೆಂಚಜ್ಜಿ. ಬಾಯಿ ಜೋರು, ಮನಸ್ಸು ಬೆಣ್ಣೆ.

ಒಂದು ದಿನ ಅಲ್ಲಿಗೆ ಆರು ಕಾಲಿನ ಪುಟ್ಟ ರೋಬೋಟ್ ಬಂತು. ಅದನ್ನು ಮಾಡಿದವರು, "ಕಾಡಿನವರನ್ನು ನೋಡಿ ನೀನೇ ನಡೆಯಲು ಕಲಿ" ಎಂದು ಬಿಟ್ಟುಹೋಗಿದ್ದರು. ಪಾಪ, ಎರಡು ಹೆಜ್ಜೆ ಇಟ್ಟರೆ ಮೂರನೆಯದಕ್ಕೆ ಮಗುಚಿ ಬೀಳುತ್ತಿತ್ತು. ಇರುವೆಗಳು ನಕ್ಕು ನಕ್ಕು ಅದಕ್ಕೆ ತಗಡಣ್ಣ ಎಂದು ಹೆಸರಿಟ್ಟವು.

"ನಗಬೇಡಿ! ನೀವೇನು ಮೊಟ್ಟೆಯೊಳಗೇ ನಡಿಗೆ ಕಲಿತು ಬಂದಿರಾ?" ಎಂದು ಗದರಿದ ಅಜ್ಜಿ ತಾನೇ ಗುರುವಾದಳು. "ಮೂರು ಕಾಲು ನೆಲದಲ್ಲಿರಲಿ, ಮೂರು ಎತ್ತು. ಮುಂದಿನವರ ಬೆನ್ನು ಬಿಡಬೇಡ. ಸಾಲಿನಲ್ಲಿ ಪ್ರಶ್ನೆ ಕೇಳಬೇಡ. ಇಷ್ಟೇ ನಮ್ಮ ವಿದ್ಯೆ."

ಬಿದ್ದು ಬಿದ್ದೇ ತಗಡಣ್ಣ ವಾರದೊಳಗೆ ಚೆನ್ನಾಗಿ ನಡೆಯತೊಡಗಿದ. ಪ್ರಶ್ನೆಯನ್ನಂತೂ ಕೇಳಲೇ ಇಲ್ಲ. ಅಜ್ಜಿಗೆ ಹೆಮ್ಮೆಯೋ ಹೆಮ್ಮೆ.

ಒಂದು ಮಧ್ಯಾಹ್ನ ಮೋಡ ಕವಿಯಿತು. ಕೆರೆ ಉಕ್ಕಿದರೆ ಗೂಡು ಮುಳುಗುತ್ತದೆ, ಮೊಟ್ಟೆಗಳು ಉಳಿಯುವುದಿಲ್ಲ. ಇರುವೆಗಳು ಮೊಟ್ಟೆ ಕಚ್ಚಿಕೊಂಡು ದಿಬ್ಬದ ಕಡೆಗೆ ಹೊರಟವು. ಮುಂದೆ ಅಜ್ಜಿ. ಕೊನೆಯಲ್ಲಿ, ಬೆನ್ನ ತುಂಬ ಮೊಟ್ಟೆ ಹೊತ್ತ ತಗಡಣ್ಣ.

ದೊಡ್ಡ ಬಂಡೆಯೊಂದನ್ನು ಬಳಸುವಾಗ ಅಜ್ಜಿಯ ಕುಡಿಮೀಸೆಗೆ ಇರುವೆಗಳ ವಾಸನೆ ತಾಗಿತು. "ಇದೇ ದಾರಿ" ಎಂದು ತಲೆ ಬಗ್ಗಿಸಿ ಅದನ್ನೇ ಹಿಡಿದಳು. ಅದು ಅವರದೇ ಸಾಲು ಬಿಟ್ಟುಹೋದ ವಾಸನೆ! ಎಲ್ಲರೂ ಗಾಣದ ಎತ್ತಿನಂತೆ ಬಂಡೆ ಸುತ್ತತೊಡಗಿದರು. ಮೂರು ಸುತ್ತಾಯಿತು, ಹತ್ತು ಸುತ್ತಾಯಿತು.

ಅದೇ ಹಳದಿ ಹೂವು ಮತ್ತೆ ಮತ್ತೆ ಬರುವುದನ್ನು ತಗಡಣ್ಣ ಕಂಡ. ಆದರೆ ಗುರು ಕೇಳಬೇಡ ಎಂದಿದ್ದಾಳಲ್ಲ! ಅಷ್ಟರಲ್ಲಿ ಬೆನ್ನಿನ ಮೊಟ್ಟೆಗಳ ಮೇಲೆ ಮಳೆಹನಿ ಬಿತ್ತು. ಅವನಿಗೆ ತಡೆಯಲಾಗಲಿಲ್ಲ. ನಿಂತೇಬಿಟ್ಟ.

"ಅಜ್ಜೀ, ನಿಮ್ಮ ಮುಂದೆ ಯಾರಿದ್ದಾರೆ?"

"ಸಾಲಿನಲ್ಲಿ ಪ್ರಶ್ನೆಯೇ?" ಎಂದು ರೇಗಿ ಅಜ್ಜಿ ತಲೆ ಎತ್ತಿದಳು. ಅವಳ ಮುಂದಿದ್ದದ್ದು ತಗಡಣ್ಣನ ಬೆನ್ನು!

"ಅಯ್ಯೋ ನನ್ನ ಹಣೆಬರಹವೇ! ದಿಬ್ಬ ಎಲ್ಲಿ?"

ಇರುವೆಗಳಿಗಿಂತ ಎತ್ತರವಿದ್ದ ತಗಡಣ್ಣನಿಗೆ ದಿಬ್ಬ ಕಾಣುತ್ತಿತ್ತು. "ಬನ್ನಿ ಅಜ್ಜಿ" ಎಂದು ಮುಂದೆ ನಡೆದ. ಮಳೆ ಜೋರಾಗುವಷ್ಟರಲ್ಲಿ ಮೊಟ್ಟೆಗಳೆಲ್ಲ ದಿಬ್ಬ ಸೇರಿದವು.

ಅಜ್ಜಿ ಮೊಟ್ಟೆಗಳನ್ನೆಲ್ಲ ಎಣಿಸಿ ನೋಡಿದಳು. ಆಮೇಲೆ, "ನಾಳೆಯಿಂದ ನೀನು ನನ್ನ ಪಕ್ಕದಲ್ಲಿ ನಡಿ" ಎಂದಳು.

"ಹಿಂದೆ ಅಲ್ಲವೇ ಅಜ್ಜಿ?"

"ಪಕ್ಕದಲ್ಲಿ ಅಂದೆನಲ್ಲ! ಕಿವಿಯೂ ತಗಡೇ?" ಎಂದು ಅಜ್ಜಿ ಗದರಿದಳು. ಗದರುತ್ತಲೇ ಅವನ ಕಾಲಿನ ಕೆಸರು ಒರೆಸಿದಳು.

ನೀತಿ: ಗುರು ಕಲಿಸಿದ್ದನ್ನು ಕಲಿಯಬೇಕು, ದಾರಿ ತಪ್ಪಿದ್ದು ಕಂಡರೆ ಗುರುವನ್ನೂ ಕೇಳಬೇಕು.