ಮಿಂಚಿನ ರಕ್ಕಸನೂ ಒದ್ದೆ ಮಡಿಯೂ

“ದೊರೆಯ ಅಪ್ಪಣೆ ಕೇಳಿರಿ. ಅರಮನೆಯ ಅಂಗಳಕ್ಕೆ ಮಿಂಚಿನ ರಕ್ಕಸ ಬಂದು ಕೂತು ರಾಜಕುಮಾರಿಯನ್ನು ಸೆರೆ ಇಟ್ಟಿದ್ದಾನೆ. ಅವನ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದು ಕೊಡಲಾಗುವುದು. ತಪ್ಪಿದವನು ಅವನ ಬೆರಳಿಗೆ ಬಲಿ.”

ಡಂಗುರ ಕೇಳಿ ಬಳೆಗಾರ ಸಂಕಯ್ಯ ಬಳೆಯ ಮಲಾರ ಇಳಿಸಿ ಜಗಲಿಯ ಮೇಲೆ ಕುಸಿದ. ರಾಜಕುಮಾರಿಯ ಜೊತೆ ದಾಸಿ ಹೊನ್ನಕ್ಕನೂ ಸೆರೆಯಲ್ಲಿದ್ದಾಳೆಂದು ಡಂಗುರದವನು ಹೇಳಲಿಲ್ಲ. ಅವಳು ಸಂಕಯ್ಯನ ಅಕ್ಕ. ತಾಯಿ ಹೋದಮೇಲೆ ತುತ್ತಿಟ್ಟು ಸಾಕಿದವಳು. ಏನು ಮಾಡಲೂ ತೋಚದೆ ಅವನು ಮಲಾರ ಮತ್ತೆ ಹೆಗಲಿಗೇರಿಸಿ ಅಂಗಳದ ಮೂಲೆಗೆ ಹೋಗಿ ನಿಂತ.

ರಕ್ಕಸ ಕೇಳುತ್ತಿದ್ದ: “ನಾನು ಬಂದರೆ ಬಾಗಿಲು ತೆರೆದು ಒಳಗೆ ಓಡಾಡಿಸುವವನು ಯಾರು? ಎಷ್ಟು ತಟ್ಟಿದರೂ ತೆರೆಯದವನು ಯಾರು? ಒಮ್ಮೆ ತಡೆದು ಇನ್ನೊಮ್ಮೆ ದಾರಿ ಬಿಡುವವನು ಯಾರು? ತೆರೆಯದವನನ್ನು ಕೈಯಲ್ಲಿ ಹಿಡಿದೇ ತೋರಿಸಬೇಕು.”

ಅಂಗಳಕ್ಕೆ ಇಳಿಯುವವರಿಗೆಲ್ಲ ಪುರೋಹಿತರು ಬಾವಿಯ ನೀರು ಸುರಿದು ಒದ್ದೆ ಮಡಿಯಲ್ಲೇ ಕಳಿಸುತ್ತಿದ್ದರು. ಮಡಿ ಕಾಯುತ್ತದೆಂಬ ನಂಬಿಕೆ.

“ಎರಡನೆಯದು ಸುಲಭ,” ಎಂದ ಪಡುವಲ ನಾಡಿನ ರಾಜಕುಮಾರ. “ಗಟ್ಟಿಯಾದದ್ದೇ ತಡೆಯುವುದು. ಕಬ್ಬಿಣ.” ಗುರಾಣಿ ಒಡ್ಡಿದ. ರಕ್ಕಸನ ಬೆರಳು ತಗುಲಿದ್ದೇ ತಡ, ಸತ್ತು ಬಿದ್ದ.

ಪುಟ್ಟಭಟ್ಟನೆಂಬ ಹುಡುಗ “ಮರ” ಎಂದು ಕೋಲು ಚಾಚಿದ. ಅವನೂ ಬಿದ್ದ. ಜನ ತಲೆ ತಗ್ಗಿಸಿದರು. ಸಂಕಯ್ಯನ ಕಣ್ಣು ಮಾತ್ರ ಆ ಕೋಲಿನ ಮೇಲಿತ್ತು. ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ತನ್ನ ಬಳೆಯ ಗಾಜು ಎಂದೂ ನೀರು ಹೀರದೆಂದು ಅವನಿಗೆ ಹೊಳೆಯಿತು.

ಅವನು ಮುಂದೆ ಬಂದ. ಪುರೋಹಿತರು ಕೊಡ ಎತ್ತಿದರು.

“ನೀರು ಬೇಡ ಸ್ವಾಮಿ.”

“ಮಡಿಯಿಲ್ಲದೆ ಹೋದರೆ ಪಾಪ ಕಣಯ್ಯಾ.”

“ಪಾಪ ನನಗಿರಲಿ. ಅಕ್ಕ ಒಳಗಿದ್ದಾಳೆ.”

ರಕ್ಕಸ ನಕ್ಕ. “ಬಳೆ ತೊಡಿಸೋಕೆ ಬಂದೆಯೇನೋ? ನನ್ನ ಕೈಯ ಅಳತೆ ಗೊತ್ತೇ?”

ಸಂಕಯ್ಯ ತನ್ನ ಒಣ ಕೋಲಿನ ತುದಿಗೆ ಗಾಜಿನ ಬಳೆ ಸಿಕ್ಕಿಸಿ ಚಾಚಿದ. “ಓಡಾಡಿಸುವವನು ಕಬ್ಬಿಣ. ತೆರೆಯದವನು ಗಾಜು. ಇನ್ನು ಮರ, ಒಣಗಿದ್ದರೆ ತಡೆಯುತ್ತದೆ, ನೆಂದರೆ ದಾರಿ ಬಿಡುತ್ತದೆ.” ಕಣ್ಣು ಮುಚ್ಚಿ ಶಿವನನ್ನು ನೆನೆದ.

ಬೆರಳು ಬಳೆಯನ್ನು ತಟ್ಟಿತು. ಏನೂ ಆಗಲಿಲ್ಲ.

“ಸರಿ ಹೇಳಿದೆ,” ಎಂದ ರಕ್ಕಸ, ಬೆರಳು ಹಿಂದೆಗೆದು. “ತಾಮ್ರ, ಕಬ್ಬಿಣದೊಳಗೆ ಯಾರ ಹಿಡಿತಕ್ಕೂ ಸಿಗದೆ ಅಲೆಯುವ ಸಣ್ಣ ಕಣಗಳಿವೆ, ಅವೇ ನನ್ನನ್ನು ಹೊತ್ತು ಓಡುತ್ತವೆ. ಗಾಜು ತನ್ನ ಕಣಗಳನ್ನು ಬಿಗಿಹಿಡಿದಿರುತ್ತದೆ. ಒಣ ಮರವೂ ಹಾಗೇ. ನೆಂದರೆ ಮಾತ್ರ, ಬಾವಿಯ ನೀರಿನಲ್ಲಿ ಕರಗಿದ ಉಪ್ಪು ನನಗೆ ದೋಣಿಯಾಗುತ್ತದೆ.” ಹೇಳಿ ಮೋಡಕ್ಕೆ ಏರಿಹೋದ.

ಸೆರೆಯ ಬಾಗಿಲು ತೆರೆಯಿತು.

“ಬೇಡಿಕೋ,” ಎಂದ ದೊರೆ. “ಅರ್ಧ ರಾಜ್ಯ ಕೇಳಿದರೂ ಕೊಟ್ಟೆ.”

“ಅಕ್ಕನನ್ನು ದಾಸ್ಯದಿಂದ ಬಿಡಿಸಿಕೊಡಿ ಬುದ್ಧಿ, ಸಾಕು. ಉತ್ತರ ಕಲಿಸಿದವರು ಸತ್ತವರು. ಅವರ ಮುಂದೆ ನಾನೇನು ಬೇಡಲಿ?”

“ಹಾಗಾದರೆ ಕೋಲು ಒಣಗಿದ್ದರೆ ಪುಟ್ಟಭಟ್ಟ ಉಳಿಯುತ್ತಿದ್ದನೇ?”

ಪುರೋಹಿತರ ಕೈಯಲ್ಲಿ ಕೊಡ ಹಾಗೇ ಇತ್ತು. ದೊರೆ ಕೇಳಿದ್ದಕ್ಕೆ ಅವರೇ ಉತ್ತರ ಕೊಟ್ಟರು. “ಉಳಿಯುತ್ತಿದ್ದ ಪ್ರಭು. ನೀರು ಸುರಿದವನು ನಾನು.”

ಹೊನ್ನಕ್ಕ ತಮ್ಮನ ಕೈ ಹಿಡಿದು ಊರಿಗೆ ನಡೆದಳು. ಆ ಅರಮನೆಯಲ್ಲಿ ಅಂದಿನಿಂದ ಉಣ್ಣೆಯ ಒಣ ದಾಬಳಿ ಉಟ್ಟ ಮಡಿಯೇ ರೂಢಿಯಾಯಿತು. ಪುಟ್ಟಭಟ್ಟನ ತಾಯಿಗೆ ಅದರಿಂದ ಮಗ ಮರಳಿ ಸಿಗಲಿಲ್ಲ.