ಬೇರು ಮಾರುವ ಅಜ್ಜಿಯ ಫೋಟೊ

ವರದಾ ನದಿಯ ದಂಡೆಯ ಆಶ್ರಮದಲ್ಲಿ ಮಡಿವಾಳಯ್ಯ ಎಂಬ ಗುರುಗಳಿದ್ದರು. ಬಂದವರಿಗೆ ಬೇರು, ತೊಗಟೆ, ಸೊಪ್ಪಿನ ಔಷಧ ಕೊಡುತ್ತಿದ್ದರು.

ಕೊರಿಯಾದ ಯೊನ್‌ಸುಕ್ ಎಂಬಾಕೆ ಅವರ ಬಳಿ ಎರಡು ವರ್ಷ ಇದ್ದು, ಕನ್ನಡವನ್ನೂ ಕಲಿತು ಹೋಗಿದ್ದಳು. ಅವಳೇ ಒಂದು ಸಲ ಗುರುಗಳನ್ನು ತನ್ನೂರು ಸಿಯೋಲ್‌ಗೆ ಕರೆಸಿಕೊಂಡಳು. ಜೊತೆಗೆ ಶಿಷ್ಯ ಕಲ್ಮೇಶ ಹೊರಟ.

ಹೋದಲ್ಲೆಲ್ಲ ಕಲ್ಮೇಶನ ಕೈಯಲ್ಲಿ ಮೊಬೈಲ್. ರೇಷ್ಮೆ ಅಂಗಡಿಗಳ ಸಾಲು, ಒಣಮೀನಿನ ಓಣಿ, ಹೆಸರುಬೇಳೆ ರುಬ್ಬಿ ದಪ್ಪ ದೋಸೆ ಹುಯ್ಯುವ ಹೆಂಗಸರು, ಎಲ್ಲವೂ ಆಶ್ರಮದ ವಾಟ್ಸಾಪ್ ಗುಂಪಿಗೆ ಹೋಗುತ್ತಿದ್ದವು. ಬರಲಾಗದವರೂ ನೋಡಲಿ ಎಂಬುದು ಅವನ ಆಸೆ.

ಐದನೆಯ ದಿನ ಮೂವರೂ ಗಿಡಮೂಲಿಕೆಯ ಮಾರುಕಟ್ಟೆಗೆ ಹೋದರು. ಗುರುಗಳು ಒಂದು ಅಂಗಡಿಯ ಮುಂದೆ ನಿಂತು ಬೇರುಗಳನ್ನು ಮೂಸಿ ನೋಡುತ್ತ, ಅವುಗಳ ಗುಣವೇನೆಂದು ಯೊನ್‌ಸುಕ್‌ಳಿಂದ ಕೇಳಿಸುತ್ತಿದ್ದರು.

ಕಲ್ಮೇಶ ನಾಲ್ಕು ಹೆಜ್ಜೆ ಮುಂದೆ ಹೋದ. ಅಲ್ಲಿ ನೆಲದ ಮೇಲೆ ಒಬ್ಬ ಅಜ್ಜಿ ಕೂತು ಬಿಳಿ ಬೇರುಗಳ ಸಿಪ್ಪೆ ಹೆರೆಯುತ್ತಿದ್ದಳು. ನರೆತ ಕೂದಲಿಗೆ ಒಂದು ಸಣ್ಣ ಬಿಳಿ ರಿಬ್ಬನ್. ಅವನು ಮೊಬೈಲ್ ಎತ್ತಿದ. ಅಜ್ಜಿ ಏನೋ ಹೇಳಿ ಮುಖಕ್ಕೆ ಅಂಗೈ ಅಡ್ಡ ಹಿಡಿದಳು. ನಾಚಿಕೆ ಇರಬೇಕು ಎಂದುಕೊಂಡು ಅವನು ನಕ್ಕ. ಫೋಟೊ ತೆಗೆದೇಬಿಟ್ಟ.

ಆ ಫೋಟೊ ಗುಂಪಿನಲ್ಲಿ ಎಲ್ಲರಿಗೂ ಹಿಡಿಸಿತು. ಈ ವಯಸ್ಸಿನಲ್ಲೂ ರಿಬ್ಬನ್ ಕಟ್ಟಿಕೊಂಡಿದ್ದಾಳಲ್ಲ ಎಂದು ಹಲವರು ಬರೆದರು. ಊಟದ ಹೊತ್ತಿಗೆ ಕಲ್ಮೇಶ ಅದನ್ನು ಗುರುಗಳಿಗೂ ತೋರಿಸಿದ.

ಗುರುಗಳು ಬಹಳ ಹೊತ್ತು ನೋಡಿದರು. ಆಮೇಲೆ ಮೊಬೈಲನ್ನು ಯೊನ್‌ಸುಕ್‌ಳ ಕೈಗೆ ಕೊಟ್ಟರು. ಅವಳ ಮುಖ ಇಳಿಯಿತು.

“ನಮ್ಮಲ್ಲಿ ಇದು ಅಲಂಕಾರ ಅಲ್ಲ ಗುರುಗಳೇ,” ಎಂದಳು. “ಮನೆಯಲ್ಲಿ ಸಾವಾದಾಗ ಇಟ್ಟುಕೊಳ್ಳುತ್ತಾರೆ.”

ಕಲ್ಮೇಶ ತಟ್ಟೆ ಸರಿಸಿ ಮೊಬೈಲ್ ತೆಗೆದುಕೊಂಡ. ಅಲ್ಲೇ ಗುಂಪಿನಿಂದ ಫೋಟೊ ಅಳಿಸಿದ. ಅಷ್ಟರಲ್ಲಿ ಎಷ್ಟು ಜನ ಅದನ್ನು ಇನ್ನೆಲ್ಲಿಗೆ ಕಳಿಸಿದ್ದರೋ, ಅವನಿಗೆ ಗೊತ್ತಾಗುವಂತಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಅವನು ಮಾರುಕಟ್ಟೆಗೆ ಹೋಗೋಣವೆಂದ. ಮೂವರೂ ಹೋದರು. ಅಜ್ಜಿ ಕೂತಿದ್ದ ಜಾಗ ಖಾಲಿ ಇತ್ತು.

ಪಕ್ಕದಲ್ಲಿ ಒಣ ಹಣ್ಣು ಮಾರುವ ಹೆಂಗಸು ತಗ್ಗಿದ ದನಿಯಲ್ಲಿ ಹೇಳಿದ್ದನ್ನು ಯೊನ್‌ಸುಕ್ ಕನ್ನಡಕ್ಕೆ ತಿರುಗಿಸಿದಳು. ಅಜ್ಜಿಯ ಗಂಡ ತೀರಿಕೊಂಡು ಹತ್ತು ದಿನವಾಗಿತ್ತು. ಅವನು ಗುಡ್ಡದಿಂದ ಬೇರು ಅಗೆದು ತರುವುದು, ಇವಳು ಹೆರೆದು ಮಾರುವುದು, ನಲವತ್ತು ವರ್ಷ ಹಾಗೇ ನಡೆದಿತ್ತು. ಅವನು ಕಡೆಯದಾಗಿ ತಂದಿದ್ದ ಬೇರು ಉಳಿದಿತ್ತು. ಮನೆಯಲ್ಲಿ ಕೂರಲಾಗದೆ ನಿನ್ನೆ ಅದನ್ನೇ ಹೊತ್ತು ಬಂದಿದ್ದಳು.

ಯಾರೋ ಪರದೇಶಿ ಮೊಬೈಲ್ ಎತ್ತಿದಾಗ, ‘ಇಂಥ ಮುಖ ತೆಗೆಯಬೇಡಪ್ಪ’ ಎಂದಿದ್ದಳು. ಅವನು ಹೋದ ಮೇಲೆ ಗಂಟು ಕಟ್ಟಿ ಎದ್ದಳು. ಇಲ್ಲೂ ಕೂರಲಾಗುವುದಿಲ್ಲ ಎಂದು ಹೇಳಿ, ಕಡಲ ಕಡೆಯ ಊರಿನಲ್ಲಿರುವ ಮಗಳ ಮನೆಗೆ ಹೊರಟುಹೋದಳು.

ನಿನ್ನೆ ಅವನ ಮುಖ ನೋಡಿರದ ಹೆಂಗಸಿಗೆ ಆ ಪರದೇಶಿ ಇವನೇ ಎಂದು ಗೊತ್ತಿರಲಿಲ್ಲ. ಯೊನ್‌ಸುಕ್ ಹೇಳಲಿಲ್ಲ. ಕಲ್ಮೇಶ ತಾನೇ ಎದೆಯ ಮೇಲೆ ಕೈಯಿಟ್ಟು ತೋರಿಸಿದ. ಹೆಂಗಸು ಅವನನ್ನು ಒಂದು ಸಲ ನೋಡಿ, ಹಣ್ಣಿನ ಮೇಲಿನ ಧೂಳು ಒರೆಸತೊಡಗಿದಳು.

“ನಾನೂ ಅಲ್ಲೇ ಇದ್ದೆ,” ಎಂದರು ಗುರುಗಳು. “ಬೇರಿನ ವಾಸನಿ ನೋಡಾಕತ್ತಿದ್ದೆ. ಆಕಿ ದನಿ ನನಗೂ ಕೇಳಲಿಲ್ಲ.”

ಕಲ್ಮೇಶ ಯೊನ್‌ಸುಕ್‌ಳಿಂದ ಆ ಮಗಳ ಮನೆಯ ವಿಳಾಸ ಕೇಳಿಸಿದ. ರೈಲಿನಲ್ಲಿ ಮೂರು ತಾಸಿನ ದಾರಿ. ಅಂದೇ ಮಧ್ಯಾಹ್ನ ಊರಿಗೆ ವಿಮಾನ ಹತ್ತಬೇಕಿತ್ತು. ತಪ್ಪಿದರೆ ತಪ್ಪಲಿ, ಅಜ್ಜಿಯ ಕಾಲು ಹಿಡಿದು ಬರುತ್ತೇನೆ ಎಂದ. ಹೆಂಗಸಿಗೆ ಕನಿಕರ ಬಂತೋ ಏನೋ, ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಚಾಚಿದಳು.

ಗುರುಗಳು ನಡುವೆ ಕೈ ತಂದು ಅವಳ ಬೆರಳುಗಳನ್ನು ಮೆಲ್ಲಗೆ ಮಡಿಸಿದರು. ಚೀಟಿ ಅವಳ ಮುಷ್ಟಿಯಲ್ಲೇ ಉಳಿಯಿತು.

“ಯಾಕ್ರೀ ಅಜ್ಜಾರ?” ಕಲ್ಮೇಶ ಕೇಳಿದ. “ಆಕಿ ಒಂದು ಸಲ ‘ಹೋಗ್ಲಿ ಬಿಡು’ ಅಂದ್ರ ಸಾಕ್ರಿ. ಇಲ್ಲಾಂದ್ರ ನನಗ ಸಮಾಧಾನ ಆಗೂದಿಲ್ಲ.”

“ಆಕಿ ಗಂಡನ್ನ ಕಳಕೊಂಡಾಳ, ತಮ್ಮಾ. ನಿನ್ನ ಸಮಾಧಾನ ಮಾಡೋ ಕೆಲಸಾನೂ ಆಕಿಗೇ ಹಚ್ಚಬ್ಯಾಡ.”